ಹಿಮನದಿ ತಪ್ಪಲಿನ ಮರಳುಬಯಲಿಂದ ಕಡಲಿಗೆ ನೆಲದಡಿ ಹೋಗುವ ನೀರು: ಮೂರು ಅಳತೆ, ಮೂರು ಉತ್ತರ

ಒರತೆ:
ವಿಷಯ ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯದು. ವಾತ್ನಾಯೋಕುಲ್ ಹಿಮರಾಶಿಯ ಬುಡದಿಂದ ಕಡಲವರೆಗೆ ಸ್ಕೇದರಾರ್‌ಸಾಂಡುರ್ ಎಂಬ ಕಪ್ಪು ಮರಳು-ಜಲ್ಲಿಯ ಬಯಲು ಚಾಚಿಕೊಂಡಿದೆ, ಹೆಚ್ಚುಕಡಿಮೆ 1,000 ಚದರ ಕಿ.ಮೀ. ಹಿಮನದಿಯ ನೀರು ಹೊತ್ತು ತಂದು ಹರಡಿದ ಇಂಥ ಬಯಲಿಗೆ ಅಲ್ಲಿನವರು ‘ಸಾಂಡುರ್’ ಅನ್ನುತ್ತಾರೆ. (ನಮ್ಮ ಬಳ್ಳಾರಿ ಕಡೆಯ ಸಂಡೂರಿಗೂ ಇದಕ್ಕೂ ನಂಟಿಲ್ಲ, ಯಾರೂ ಹುಡುಕಲು ಹೋಗಬೇಡಿ.) ಮೇಲೆ ಹರಿಯುವ ನದಿಗಳ ಲೆಕ್ಕ ಬಿಡಿ. ಜಲ್ಲಿಯೊಳಗಿಂದಲೇ ಕಣ್ಣಿಗೆ ಕಾಣದೆ ಕಡಲು ಸೇರುವ ನೀರು ಎಷ್ಟು ಅನ್ನುವುದು ನನ್ನ ಪ್ರಶ್ನೆ. ಅಲಾಸ್ಕಾದ ಕಾಚೆಮಾಕ್ ಕೊಲ್ಲಿಯಂಥ ಜಾಗಗಳಲ್ಲೂ ಇದೇ ಪ್ರಶ್ನೆ ಬರುತ್ತದೆ.

ಬಾವಿಗಳ ನೀರಿನ ಮಟ್ಟ ಹಿಡಿದು ಡಾರ್ಸಿ ಸೂತ್ರ (ನೀರಿನ ಮಟ್ಟದ ಇಳಿಜಾರಿನಿಂದ ನೆಲದಡಿಯ ಹರಿವು ಲೆಕ್ಕ ಹಾಕುವುದು) ಹಾಕಿದರೆ ಒಂದು ಉತ್ತರ. ಕಡಲ ನೀರಿನ ರೇಡಾನ್ (ಕಲ್ಲು-ಮರಳಿನಿಂದ ಅಂತರ್ಜಲಕ್ಕೆ ಸೇರುವ ವಿಕಿರಣ ಅನಿಲ) ಅಳೆದರೆ ಅದರ ಐದು-ಹತ್ತು ಪಟ್ಟು. ಜಿನುಗುವ ನೀರು ಹಿಡಿಯಲು ಕಡಲತಳಕ್ಕೆ ಡ್ರಮ್ ಕವುಚಿ ಚೀಲ ಕಟ್ಟಿದರೆ ಎರಡಕ್ಕೂ ಹೊಂದದ ಮೂರನೆಯದು. ಯಾವುದನ್ನು ನಂಬಬೇಕು?

ಬಸಾಲ್ಟ್‌ಭಟ್ಟ:
ಮೂರೂ ಸರಿ ಇರಬಹುದು. ಮೂರೂ ಅಳೆಯುತ್ತಿರುವ ನೀರೇ ಬೇರೆ ಬೇರೆ.

ಡಾರ್ಸಿ ಸೂತ್ರ ಕೊಡುವುದು ನೆಲದ ಕಡೆಯಿಂದ ಬಂದ ಸಿಹಿನೀರನ್ನು ಮಾತ್ರ. ಆದರೆ ಕಡಲತಳದಿಂದ ಜಿನುಗುವ ನೀರಿನಲ್ಲಿ ದೊಡ್ಡ ಪಾಲು ಕಡಲಿನದೇ: ಉಬ್ಬರದಲ್ಲಿ, ಅಲೆಯ ಬಡಿತದಲ್ಲಿ ಮರಳೊಳಗೆ ನುಗ್ಗಿ, ಗಂಟೆಗಳೋ ವಾರಗಳೋ ಅಲ್ಲಿದ್ದು, ಮತ್ತೆ ಹೊರಬೀಳುವ ಉಪ್ಪುನೀರು. ರೇಡಾನಿಗೆ ಸಿಹಿ-ಉಪ್ಪಿನ ಭೇದವಿಲ್ಲ, ಮರಳಿನ ಸಂದಿಯಲ್ಲಿ ಕೆಲವು ದಿನ ಕೂತು ಬಂದ ನೀರನ್ನೆಲ್ಲ ಎಣಿಸುತ್ತದೆ. ಜಗತ್ತಿನ ಒಟ್ಟು ಲೆಕ್ಕದಲ್ಲೂ ಹೀಗೇ. ನೆಲದಡಿಯಿಂದ ಕಡಲಿಗೆ ಹೋಗುವ ಸಿಹಿನೀರು ನದಿಗಳ ನೀರಿನ ನೂರಕ್ಕೆ ಒಂದರ ಆಸುಪಾಸು. ಮರಳಿ ಬರುವ ಉಪ್ಪುನೀರನ್ನೂ ಸೇರಿಸಿ ರೇಡಿಯಂನಿಂದ (ಇದೂ ಮರಳಿನಿಂದ ನೀರಿಗೆ ಬರುವ ವಿಕಿರಣ ಧಾತು) ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ನದಿಗಳ 3–4 ಪಟ್ಟು.

ಸಿಹಿನೀರಿನ ಲೆಕ್ಕ ಹೀಗೆ. ನೀರು ಸಾಗಿಸುವ ಗುಣಾಂಕ ದಿನಕ್ಕೆ 30 ಮೀಟರ್, ನೀರಿನ ಮಟ್ಟದ ಇಳಿಜಾರು 0.003, ಸಿಹಿನೀರಿನ ಪದರದ ದಪ್ಪ 50 ಮೀಟರ್ ಅಂತಿಟ್ಟುಕೊಳ್ಳಿ. ಗುಣಿಸಿದರೆ ದಡದ ಒಂದೊಂದು ಮೀಟರಿಗೆ ದಿನಕ್ಕೆ 4.5 ಘನ ಮೀಟರ್. ಒಂದು ಕಿ.ಮೀ. ದಡಕ್ಕೆ 4,500 ಘನ ಮೀಟರ್, ಅಂದರೆ ಸೆಕೆಂಡಿಗೆ 52 ಲೀಟರ್. ಹಿಮನದಿಯ ಹೊಳೆ ಕಂಡವರಿಗೆ ಇದು ನೀರೇ ಅಲ್ಲ.

ಈ ನೀರು ಹೊರಬೀಳುವ ಪಟ್ಟಿ ಎಷ್ಟು ಅಗಲ ಅನ್ನುವುದಕ್ಕೆ ಗ್ಲೋವರ್ ಸೂತ್ರ ಇದೆ. ಮೀಟರಿಗೆ ಬರುವ ಹರಿವನ್ನು, ಗುಣಾಂಕ × 0.025 × 2 ರಿಂದ ಭಾಗಿಸಿ. 0.025 ಅನ್ನುವುದು ಸಿಹಿನೀರಿಗೂ ಕಡಲ ನೀರಿಗೂ ಇರುವ ಸಾಂದ್ರತೆಯ ಅಂತರ. 4.5 ÷ 1.5 = 3 ಮೀಟರ್. ಮರಳು ಎಲ್ಲ ಕಡೆ ಒಂದೇ ತೆರನಾಗಿದ್ದರೆ ಸಿಹಿನೀರೆಲ್ಲ ದಡದಂಚಿನ ಮೂರೇ ಮೀಟರ್ ಪಟ್ಟಿಯಲ್ಲಿ ಹೊರಬರುತ್ತದೆ! ಡ್ರಮ್ಮನ್ನು ಹತ್ತು ಮೀಟರ್ ಆಚೆ ಇಟ್ಟವನಿಗೆ ಸಿಹಿನೀರು ಸಿಗದಿದ್ದರೆ ಡ್ರಮ್ಮಿನ ತಪ್ಪಲ್ಲ.

ಹುಬ್ಬಳ್ಳಿ_ಜಲ:
ಭಟ್ರ, ಲೆಕ್ಕ ಚಂದ ಐತಿ. ಆದ್ರ ಆ ‘ದಿನಕ್ಕ 30 ಮೀಟರ್’ ಎಲ್ಲಿಂದ ತಂದ್ರಿ ಅನ್ನೋದ ಮೇಲೆ ಎಲ್ಲಾ ನಿಂತದ. ಇದರಾಗ ಎಡವಿದಷ್ಟು ಬ್ಯಾರೆ ಎಲ್ಲೂ ಎಡವೂದಿಲ್ಲ.

ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬಹಳ ಮಂದಿ ಮರಳನ್ನು ಜರಡಿ ಹಿಡಿದು ಹೇಜನ್ ಸೂತ್ರ ಹಾಕುತ್ತಾರೆ. ತೂಕದಲ್ಲಿ ಶೇ. 10ರಷ್ಟು ಯಾವ ಗಾತ್ರಕ್ಕಿಂತ ಸಣ್ಣದೋ ಆ ಗಾತ್ರವನ್ನು ಸೆಂಟಿಮೀಟರಿನಲ್ಲಿ ಬರೆದು, ವರ್ಗ ಮಾಡಿ, 100ರಿಂದ ಗುಣಿಸಿದರೆ ಗುಣಾಂಕ ಸೆಕೆಂಡಿಗೆ ಇಷ್ಟು ಸೆಂ.ಮೀ. ಅಂತ ಬರುತ್ತದೆ. ಆ ಗಾತ್ರ 0.2 ಮಿ.ಮೀ. ಆದರೆ ದಿನಕ್ಕೆ ಸುಮಾರು 35 ಮೀಟರ್. 0.1 ಮಿ.ಮೀ. ಆದರೆ ನಾಲ್ಕನೇ ಒಂದು ಭಾಗ, 8.6 ಮೀಟರ್. ಈಗ ನೋಡಿ: ಹಿಮನದಿಯ ಬಯಲಿನಲ್ಲಿ ಕಲ್ಲು ಅರೆದ ಹಿಟ್ಟು ಇರುತ್ತದೆ, ಮೈದಾ ಹಿಟ್ಟಿನಷ್ಟು ನುಣುಪು. ಕೊಳವೆ ಕೊರೆದು ಮಾದರಿ ಎತ್ತುವಾಗ ಮೊದಲು ತೊಳೆದು ಹೋಗುವುದೇ ಅದು. ಬಕೆಟ್ಟಿಗೆ ಬಿದ್ದ ಮಾದರಿಯಲ್ಲಿ ದಪ್ಪ ಮರಳೇ ಉಳಿದು, ಗುಣಾಂಕ ನಾಲ್ಕು ಪಟ್ಟು ಹೆಚ್ಚು ಬಂದಿರುತ್ತದೆ. ಆ ಬಕೆಟ್ಟಿನ ಬೂದು ರಾಡಿ ನೀರನ್ನು ಚೆಲ್ಲಬೇಡಿ. ಒಂದು ರಾತ್ರಿ ಇಳಿಯಲು ಬಿಟ್ಟು, ತಳದಲ್ಲಿ ಕೂತದ್ದನ್ನೂ ಒಣಗಿಸಿ ತೂಕಕ್ಕೆ ಸೇರಿಸಿ.

ಕೊಳವೆಗೆ ದಿಢೀರನೆ ನೀರು ಸುರಿದು ಇಳಿಯುವುದನ್ನು ನೋಡುವ ಪರೀಕ್ಷೆ ಕೊಳವೆಯ ಸುತ್ತಲ ಒಂದೆರಡು ಮೀಟರಿನ ಕಥೆ ಮಾತ್ರ ಹೇಳುತ್ತದೆ. ಇಂಥ ಜಲ್ಲಿಯಲ್ಲಿ ನೀರು ಕೆಲವೇ ಸೆಕೆಂಡಿನಲ್ಲಿ ಇಳಿದುಬಿಡುವುದರಿಂದ ಕೈಯಲ್ಲಿ ಟೇಪು ಹಿಡಿದು ಅಳೆಯುವುದು ಆಗದ ಮಾತು. ಅರ್ಧ ಸೆಕೆಂಡಿಗೊಮ್ಮೆ ಬರೆದುಕೊಳ್ಳುವ ಒತ್ತಡದ ಲಾಗರ್ ಬೇಕು. ಅನುಕೂಲ ಇದ್ದರೆ ಪಂಪ್ ಹಚ್ಚಿ, ಪಕ್ಕದ ಬಾವಿಗಳಲ್ಲಿ ಮಟ್ಟ ನೋಡುವ ಪರೀಕ್ಷೆಯೇ ವಾಸಿ.

ಬಸಾಲ್ಟ್‌ಭಟ್ಟ:
ಒಪ್ಪಿದೆ. ಅದರ ಜೊತೆಗೆ ಪದರಗಳ ಗೋಜಲು ಬೇರೆ. ಈ ಬಯಲು ನದಿ ನಿಧಾನವಾಗಿ ಹಾಸಿದ್ದಷ್ಟೇ ಅಲ್ಲ. 1996ರ ನವೆಂಬರಿನಲ್ಲಿ, ಹಿಮದಡಿಯ ಜ್ವಾಲಾಮುಖಿ ಕರಗಿಸಿದ ನೀರು ಒಮ್ಮೆಗೇ ಕಟ್ಟೆಯೊಡೆದಾಗ ಇಲ್ಲಿ ಸೆಕೆಂಡಿಗೆ 45,000–50,000 ಘನ ಮೀಟರ್ ಹರಿಯಿತು. ಮನೆ ಗಾತ್ರದ ಮಂಜುಗಡ್ಡೆಗಳು ಜಲ್ಲಿಯಲ್ಲಿ ಹೂತು, ಆಮೇಲೆ ಕರಗಿ, ಗುಂಡಿಗಳಾದವು. ಹೀಗಾಗಿ ಒಂದು ಕೊಳವೆಯಲ್ಲಿ ಸಿಕ್ಕ ಗುಣಾಂಕವನ್ನು ಇಡೀ ಬಯಲಿಗೆ ಹಚ್ಚುವಂತಿಲ್ಲ. ನಡುವೆ ಹೂಳಿನ ಪದರ ಸಿಕ್ಕರೆ ಸಿಹಿನೀರು ಅದರಡಿ ಸಿಕ್ಕಿಕೊಂಡು, ದಡದಂಚಿನಲ್ಲಿ ಹೊರಬರದೆ, ನೂರಾರು ಮೀಟರ್ ಆಚೆ ಆ ಪದರ ತೆಳುವಾದಲ್ಲಿ ಮೇಲೇಳುತ್ತದೆ. ಮೇಲಿನ 3 ಮೀಟರಿನ ಲೆಕ್ಕ ಆಗ ಕೆಲಸಕ್ಕೆ ಬಾರದು.

ಒರತೆ:
ಇನ್ನೊಂದು: ಈ ನೀರಿನಲ್ಲಿ ಹಿಮನದಿ ಕರಗಿದ್ದು ಎಷ್ಟು, ಮಳೆಯದೆಷ್ಟು? ‘ಹಿಮನದಿ ನೀರುಣಿಸುವ ಜಲಧರ’ (ನೀರು ತುಂಬಿದ ನೆಲದಡಿಯ ಪದರ) ಅಂತ ಎಲ್ಲರೂ ಬರೆಯುತ್ತಾರೆ.

ಬಸಾಲ್ಟ್‌ಭಟ್ಟ:
ಆ ಮಾತನ್ನು ನಾನಂತೂ ಅನುಮಾನದಿಂದಲೇ ನೋಡುವುದು. ಅದೇ ವಾತ್ನಾಯೋಕುಲ್‌ನ ದಕ್ಷಿಣದ ಮಗ್ಗುಲಲ್ಲಿ ವಿರ್ಕಿಸ್‌ಯೋಕುಲ್ ಎಂಬ ಸಣ್ಣ ಹಿಮನದಿ ಇದೆ. ಅದರ ಮುಂದಿನ ಬಯಲಿನಲ್ಲಿ ಬಾವಿ ಕೊರೆದು ವರ್ಷಗಟ್ಟಲೆ ನೋಡಿದಾಗ ಕಂಡದ್ದು: ಜಲಧರಕ್ಕೆ ನೀರುಣಿಸುವುದರಲ್ಲಿ ಸ್ಥಳೀಯ ಮಳೆ-ಹಿಮಪಾತದ್ದೇ ಮೇಲುಗೈ. ಕರಗಿದ ನೀರಿನ ಗುರುತು ಸಿಕ್ಕಿದ್ದು ನದಿಯ ಅಕ್ಕಪಕ್ಕದ ಕೆಲವು ನೂರು ಮೀಟರಿನೊಳಗೆ. ಆ ಕರಾವಳಿಯಲ್ಲಿ ಸುರಿಯುವ ಮಳೆ ನಮ್ಮ ಮಲೆನಾಡಿನವರಿಗೂ ಸಾಕೆನಿಸುವಷ್ಟಿದೆ, ಆಶ್ಚರ್ಯವೇನಿಲ್ಲ.

ಪಾಲು ಲೆಕ್ಕ ಹಾಕುವುದು ಆಮ್ಲಜನಕ-18ರ ಐಸೋಟೋಪಿನಿಂದ. ಎತ್ತರದಲ್ಲಿ ಬಿದ್ದ ಹಿಮ ಹಗುರ, ದಡದ ಮಳೆ ಅದಕ್ಕಿಂತ ಭಾರ. ಉದಾಹರಣೆಗೆ (ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ) ಮಳೆಯ ಮೌಲ್ಯ −8, ಕರಗಿದ ನೀರಿನದು −12, ಬಾವಿಯದು −9 ಅಂತ ಬಂದರೆ ಕರಗಿದ ನೀರು ಶೇ. 25. ಆದರೆ ಮಳೆಯ ಮೌಲ್ಯದಲ್ಲಿ ಬರೀ 0.5 ಹೆಚ್ಚುಕಡಿಮೆಯಾದರೂ ಉತ್ತರ ಶೇ. 10ರಷ್ಟು ಅತ್ತಿತ್ತ ಓಲಾಡುತ್ತದೆ. ಬೇಸಿಗೆಯ ಒಂದೆರಡು ಮಳೆಯ ಸೀಸೆ ತುಂಬಿಕೊಂಡು ಬಂದು ‘ಇದೇ ಮಳೆಯ ಮೌಲ್ಯ’ ಅನ್ನುವವರಿದ್ದಾರೆ. ಚಳಿಗಾಲದ ಮಳೆ ಹಗುರ ಇರುತ್ತದೆ, ಅದನ್ನು ಬಿಟ್ಟರೆ ಚಳಿಗಾಲದ ಮಳೆಯೆಲ್ಲ ಹಿಮನದಿಯ ಖಾತೆಗೆ ಜಮಾ ಆಗುತ್ತದೆ. ತಿಂಗಳಿಗೊಂದರಂತೆ ವರ್ಷದ ಹನ್ನೆರಡೂ ಸೀಸೆ ಬೇಕು. ಮಳೆ ಡಬ್ಬಿಯೊಳಗೆ ಅರ್ಧ ಸೆಂ.ಮೀ. ಪ್ಯಾರಾಫಿನ್ ಎಣ್ಣೆ ತೇಲಬಿಡಿ, ಇಲ್ಲದಿದ್ದರೆ ಆವಿಯಾಗಿ ಮೌಲ್ಯ ಕೆಡುತ್ತದೆ.

ರೇಡಾನ್‌ರಾಯ:
ರೇಡಾನ್ ಬಗ್ಗೆ ನಾನು ಬರೆಯುತ್ತೇನೆ. ತಣ್ಣೀರಿನ ಕಡಲಲ್ಲಿ ಇದು ಮೋಸ ಮಾಡುವ ಜಾಗ ಒಂದಿದೆ.

ರ‍್ಯಾಡ್7 ಥರದ ರೇಡಾನ್ ಎಣಿಸುವ ಯಂತ್ರ ನೀರನ್ನು ನೇರವಾಗಿ ಅಳೆಯುವುದಿಲ್ಲ. ಪಂಪ್ ನಿಮಿಷಕ್ಕೆ ಎರಡು ಲೀಟರಿನಷ್ಟು ಕಡಲ ನೀರನ್ನು ಒಂದು ಕೊಳವೆಯೊಳಗೆ ಸಿಂಪಡಿಸುತ್ತದೆ. ನೀರಿನ ರೇಡಾನ್ ಅಲ್ಲಿನ ಗಾಳಿಗೆ ಬಂದು ಸಮತೋಲಕ್ಕೆ ನಿಲ್ಲುತ್ತದೆ, ಯಂತ್ರ ಆ ಗಾಳಿಯನ್ನು ಎಣಿಸುತ್ತದೆ. ಗಾಳಿಯ ಅಂಕಿಯನ್ನು ನೀರಿನ ಅಂಕಿಗೆ ತಿರುಗಿಸುವ ಗುಣಕ ತಾಪಮಾನದ ಮೇಲಿದೆ. ಸಿಹಿನೀರಿಗೆ 20 ಡಿಗ್ರಿಯಲ್ಲಿ 0.25, 5 ಡಿಗ್ರಿಯಲ್ಲಿ 0.42. (ಉಪ್ಪುನೀರಿಗೆ ಇನ್ನೂ ತುಸು ಕಡಿಮೆ, ಅದಕ್ಕೂ ತಿದ್ದಬೇಕು.) ಯಾವುದೋ ಬಿಸಿನಾಡಿನ ಲೆಕ್ಕದ ಹಾಳೆಯನ್ನು ನಕಲು ಮಾಡಿ 0.25 ಹಾಗೇ ಬಿಟ್ಟರೆ, 5 ಡಿಗ್ರಿ ನೀರಿನಲ್ಲಿ ರೇಡಾನ್ ಶೇ. 40 ಕಡಿಮೆ ಕಾಣುತ್ತದೆ. ತಾಪಮಾನದ ಲಾಗರನ್ನು ಕಡಲಿಗಲ್ಲ, ಆ ಸಿಂಪಡಿಸುವ ಕೊಳವೆಯೊಳಗೇ ಇಡಿ. ದೋಣಿಯ ಮೇಲೆ ಬಿಸಿಲಿಗೆ ಬಿದ್ದ ಪೈಪಿನಲ್ಲಿ ನೀರು ಎರಡು ಡಿಗ್ರಿ ಏರಿರುತ್ತದೆ.

ತೇವವೂ ಕಾಡುತ್ತದೆ. ಯಂತ್ರದೊಳಗಿನ ತೇವಾಂಶ ಶೇ. 10 ದಾಟಿದರೆ ಎಣಿಕೆ ಇಳಿಯುತ್ತದೆ. ಒಣಗಿಸುವ ನೀಲಿ ಹರಳು ಗುಲಾಬಿಯಾಗುತ್ತಾ ಬಂದಾಗ, ಕೊನೆಯ ಎರಡು ಇಂಚು ನೀಲಿ ಉಳಿದಿರುವಾಗಲೇ ಕೊಳವೆ ಬದಲಿಸಿ, ಪೂರ್ತಿ ಗುಲಾಬಿಯಾಗಲಿ ಅಂತ ಕಾಯಬೇಡಿ. ಸಮತೋಲಕ್ಕೆ ಬರಲು ಅರ್ಧ ಗಂಟೆಗೂ ಹೆಚ್ಚು ಬೇಕು. ದೋಣಿ ಓಡಿಸುತ್ತಾ ಅಳೆಯುವವರು ಯಂತ್ರ ತೋರಿಸಿದ ಗರಿಷ್ಠವನ್ನು ಆ ಕ್ಷಣದ ಜಾಗಕ್ಕೆ ಬರೆದರೆ, ಒರತೆ ನಕ್ಷೆಯಲ್ಲಿ ಅರ್ಧ ಕಿ.ಮೀ. ಮುಂದೆ ಹೋಗಿ ಕೂತಿರುತ್ತದೆ.

ಇನ್ನು ಸಮತೋಲನದ ಲೆಕ್ಕ. ಕಾಚೆಮಾಕ್ ಥರದ ಆಸರೆಯ ಕೊಲ್ಲಿ, ಒಂದು ಚದರ ಕಿ.ಮೀ., ಆಳ 5 ಮೀಟರ್, ನೀರಿನಲ್ಲೇ ಕರಗಿದ ರೇಡಿಯಂನಿಂದ ಹುಟ್ಟುವುದನ್ನು ಕಳೆದ ಮೇಲೆ ರೇಡಾನ್ ಘನ ಮೀಟರಿಗೆ 60 ಬೆಕೆರೆಲ್ (ವಿಕಿರಣದ ಅಳತೆ) ಅಂತಿಟ್ಟುಕೊಳ್ಳಿ. ಆಗ ಒಂದು ಚದರ ಮೀಟರ್ ಅಡಿಯಲ್ಲಿ 300 ಬೆಕೆರೆಲ್ ಇದೆ. ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 3.82 ದಿನ, ಹಾಗಾಗಿ ದಿನಕ್ಕೆ ಕ್ಷಯದಿಂದ 54 ಹೋಗುತ್ತದೆ. ಗಾಳಿಗೆ 60, ಹೊರಗಿನ ಕಡಲ ಜೊತೆ ಬೆರೆತು 40. ಒಟ್ಟು 154 ಹೋಗಿಯೂ ಅಂಕಿ ಅಲ್ಲೇ ನಿಂತಿದೆ ಅಂದರೆ ಅಷ್ಟೇ ಒಳಬರುತ್ತಿದೆ. ತಳದ ಕೆಸರಿನಿಂದ ಸುಮ್ಮನೆ ಸೋರುವ 10 ಕಳೆದರೆ 144. ಅಂತರ್ಜಲದಲ್ಲಿ ಘನ ಮೀಟರಿಗೆ 5,000 ಇದ್ದರೆ, 144 ÷ 5,000 = ದಿನಕ್ಕೆ 2.9 ಸೆಂ.ಮೀ.

ಇಡೀ ಕೊಲ್ಲಿಗೆ ದಿನಕ್ಕೆ 29,000 ಘನ ಮೀಟರ್. ಭಟ್ಟರ ಒಂದು ಕಿ.ಮೀ. ದಡದ 4,500ರ ಆರು ಪಟ್ಟು. ಒರತೆಯವರು ಕೇಳಿದ ಅಂತರ ಇದೇ.

ಹುಬ್ಬಳ್ಳಿ_ಜಲ:
ಆ 5,000 ಅನ್ನುವ ಅಂಕಿಯೇ ಎಲ್ಲವನ್ನೂ ಕುಣಿಸುತ್ತದಲ್ಲ ರಾಯರೇ? 2,500 ಆದರೆ ಉತ್ತರ ಇಮ್ಮಡಿ.

ರೇಡಾನ್‌ರಾಯ:
ನಿಜ. ಐಸ್‌ಲ್ಯಾಂಡಿನಲ್ಲಿ ಇದು ಇನ್ನೂ ಕಷ್ಟ. ಬಸಾಲ್ಟಿನಲ್ಲಿ ಯುರೇನಿಯಂ ಕಡಿಮೆ, ಗ್ರಾನೈಟಿನ ಹತ್ತನೇ ಒಂದು ಭಾಗದ ಸುತ್ತಮುತ್ತ. ಹಾಗಾಗಿ ಅಂತರ್ಜಲದ ರೇಡಾನೂ ಕಡಿಮೆ, ಕಡಲಲ್ಲಿ ಅದರ ಗುರುತು ಮಂಕು. ಜೊತೆಗೆ ಆ ದಕ್ಷಿಣ ಕರಾವಳಿಗೆ ಆಸರೆಯೇ ಇಲ್ಲ, ತೆರೆದ ಸಾಗರದ ಅಲೆ ಬಂದು ಬಡಿಯುತ್ತದೆ. ಗಾಳಿಗೆ ಹೋಗುವ ಪಾಲು ಏರಿ, ಬೆರೆಯುವ ಪಾಲು ಊಹೆಗೂ ನಿಲುಕದಂತಾಗುತ್ತದೆ. ಸ್ಕೇದರಾರ್‌ಸಾಂಡುರ್ ಮುಂದೆ ರೇಡಾನ್ ಹಿಡಿಯಲು ಹೋಗುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಅಂತರ್ಜಲದ ಮೌಲ್ಯಕ್ಕೆ ಒಂದೇ ಬಾವಿ ನೆಚ್ಚಬೇಡಿ. ದಡದ ಐದಾರು ಕಡೆ ಮೊನಚು ಕೊಳವೆ ಬಡಿದು ಒಂದೂವರೆ ಮೀಟರ್ ಆಳದ ನೀರು ತೆಗೆಯಿರಿ. ಗುಳ್ಳೆ ಏಳದಂತೆ, ಸೀಸೆಯ ತಳದಿಂದ ತುಂಬಿ ಉಕ್ಕಿಸಿ ಮುಚ್ಚಬೇಕು. ಜೊತೆಗೆ ಅದೇ ಮರಳನ್ನು ನೀರಿನೊಂದಿಗೆ ಗಾಳಿಯಾಡದ ಸೀಸೆಯಲ್ಲಿ ಮೂರ್ನಾಲ್ಕು ವಾರ ಮುಚ್ಚಿಟ್ಟು, ಆಗಾಗ ಅಲುಗಿಸಿ, ಆಮೇಲೆ ಅಳೆದು ನೋಡಿ. ಆ ಮರಳು ಕೊಡಬಲ್ಲ ಗರಿಷ್ಠ ರೇಡಾನ್ ಅಷ್ಟೇ. ಬಾವಿಯದು ಅದಕ್ಕಿಂತ ಬಹಳ ಹೆಚ್ಚಿದ್ದರೆ ಆ ಬಾವಿಯ ನೀರು ಬೇರೆ ಪದರದ್ದು.

ಅಳಿವೆ:
ಡ್ರಮ್ಮಿನ ಸುದ್ದಿ ಯಾರೂ ಎತ್ತಲಿಲ್ಲವಲ್ಲ ಮಾರಾಯ್ರೆ. ಅಗ್ಗದ್ದು, ಆದರೆ ಸರಿಯಾಗಿ ಇಡಲು ಬಂದರೆ ಇಷ್ಟು ನೇರವಾದ ಸಾಧನ ಇನ್ನೊಂದಿಲ್ಲ.

200 ಲೀಟರಿನ ಎಣ್ಣೆ ಡ್ರಮ್ಮಿನ ಮೇಲ್ಭಾಗವನ್ನು 15 ಸೆಂ.ಮೀ. ಗೋಡೆ ಉಳಿಯುವಂತೆ ಕತ್ತರಿಸಿ, ಬಾಯಿ ಕೆಳಗೆ ಮಾಡಿ ತಳಕ್ಕೆ ಒತ್ತುವುದು. ವಿಸ್ತೀರ್ಣ ಕಾಲು ಚದರ ಮೀಟರ್. ಮೇಲೆ 2–3 ಸೆಂ.ಮೀ. ಮಾತ್ರ ಸಂದು ಉಳಿಯಲಿ. ಬಿರಡೆಯ ತೂತು ಇರುವ ಕಡೆ ಒಂದು ಬೆರಳು ಎತ್ತರ ಇರಲಿ, ತಳದಿಂದೇಳುವ ಅನಿಲ ಅಲ್ಲಿಂದ ಹೊರಹೋಗಬೇಕು. ಅನಿಲ ಒಳಗೇ ಸಿಕ್ಕಿದರೆ ಚೀಲಕ್ಕೆ ನೀರನ್ನು ಅದೇ ತಳ್ಳಿ ಸುಳ್ಳು ಹರಿವು ತೋರಿಸುತ್ತದೆ. ಚೀಲ ತೆಳ್ಳಗಿನದು, ಪೈಪಿನ ಒಳವ್ಯಾಸ 9 ಮಿ.ಮೀ.ಗಿಂತ ಕಿರಿದಾಗಬಾರದು. ಖಾಲಿ ಚೀಲ ಕಟ್ಟಬೇಡಿ, ಅದು ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ. ಒಂದು ಲೀಟರ್ ಅಳೆದು ತುಂಬಿ, ಗಾಳಿ ತೆಗೆದು, ಆಮೇಲೆ ಕಟ್ಟಿ. ಚೀಲದ ಮೇಲೆ ತೂತುಗಳಿರುವ ಬಕೆಟ್ ಕವುಚಿ. ಅಲೆ ನೇರ ಚೀಲಕ್ಕೆ ಬಡಿದರೆ ಅಳೆದದ್ದೆಲ್ಲ ಅಲೆಯ ಅಳತೆಯೇ.

ಎರಡು ಗಂಟೆಯಲ್ಲಿ ಚೀಲ 1.2 ಲೀಟರ್ ಹೆಚ್ಚಾಯಿತು ಅನ್ನಿ. 0.0012 ÷ 0.25 = 4.8 ಮಿ.ಮೀ., ದಿನಕ್ಕೆ 5.8 ಸೆಂ.ಮೀ. ಇದರಲ್ಲಿ ಸಿಹಿ ಎಷ್ಟು? ಡ್ರಮ್ಮಿನ ಸಂದಿನಲ್ಲಿ ಮೊದಲಿಂದ ಇದ್ದದ್ದು ಕಡಲ ನೀರು, 3 ಸೆಂ.ಮೀ. ಅಂದರೆ 7.5 ಲೀಟರ್. ಈ ವೇಗದಲ್ಲಿ ಅದು ಒಂದು ಸಲ ಬದಲಾಗಲು ಅರ್ಧ ದಿನ ಬೇಕು. ಇಟ್ಟ ದಿನವೇ ಉಪ್ಪು ಅಳೆದು ‘ಸಿಹಿನೀರೇ ಇಲ್ಲ’ ಅಂದವರು ತಮ್ಮದೇ ಕಡಲ ನೀರನ್ನು ಅಳೆದದ್ದು. ಕನಿಷ್ಠ 24 ಗಂಟೆ ಬಿಡಿ. ಆಮೇಲೆ ಒಳಗೆ ಉಪ್ಪು ಸಾವಿರಕ್ಕೆ 24, ಹೊರಗೆ 30 ಬಂದರೆ ಸಿಹಿನೀರು ಐದನೇ ಒಂದು ಪಾಲು.

ಆದರೆ ಹಿಮನದಿಯ ಕರಾವಳಿಯಲ್ಲಿ ಎರಡು ತಾಪತ್ರಯ. ದಪ್ಪ ಕಲ್ಲಿನ ತಳದಲ್ಲಿ ಡ್ರಮ್ಮಿನ ಅಂಚು ಕೂರುವುದಿಲ್ಲ, ಬದಿಯಿಂದ ಸೋರುತ್ತದೆ. ಪರೀಕ್ಷೆಗೆ ಡ್ರಮ್ಮಿನ ಒಳಗೆ ಅಡುಗೆಯ ಬಣ್ಣ ಚುಚ್ಚಿ ನೋಡಿ, ಅಂಚಿನಲ್ಲಿ ಬಣ್ಣ ಕಂಡರೆ ಆ ಜಾಗ ಬಿಡಿ. ಎರಡನೆಯದು ಉಬ್ಬರ. ಕಾಚೆಮಾಕ್‌ನಲ್ಲಿ ಸಾಮಾನ್ಯ ದಿನದಲ್ಲೇ 5 ಮೀಟರ್ ಸುಮಾರು, ದೊಡ್ಡ ಉಬ್ಬರದಲ್ಲಿ 8 ಮೀಟರ್ ದಾಟುತ್ತದೆ. ನೀರು ಇಳಿಯುವಾಗ ಒರತೆ ಜೋರು, ಏರುವಾಗ ನಿಂತೇ ಹೋಗಬಹುದು, ತಿರುಗಿ ಒಳಗೂ ಹರಿಯಬಹುದು. ಇಳಿತದ ಎರಡು ಗಂಟೆ ಅಳೆದು 12ರಿಂದ ಗುಣಿಸಿದರೆ ಎರಡು-ಮೂರು ಪಟ್ಟು ಹೆಚ್ಚು ಬರುವುದು ಖಂಡಿತ. 12 ಗಂಟೆ 25 ನಿಮಿಷದ ಒಂದು ಪೂರ್ತಿ ಸುತ್ತು ಬೇಕೇ ಬೇಕು. ಅಮಾವಾಸ್ಯೆ-ಅಷ್ಟಮಿ ಎರಡರಲ್ಲೂ ಒಂದೊಂದು ಸುತ್ತು ಆದರೆ ಒಳ್ಳೆಯದು.

ಒರತೆ:
ಹಾಗಿದ್ದರೆ 29,000ದ ಐದನೇ ಒಂದು ಭಾಗ 5,800. ಭಟ್ಟರ 4,500ಕ್ಕೆ ಹತ್ತಿರವಾಯಿತು. ಮೂರೂ ಹೊಂದಿಕೊಂಡವು!

ಅಳಿವೆ:
ಉದಾಹರಣೆಯ ಅಂಕಿ ಅಲ್ವಾ, ಹೊಂದಿಕೊಳ್ಳದೆ ಏನು ಮಾಡೀತು. ಕಡಲಿಗೆ ಇಳಿದಾಗ ಇಷ್ಟು ಹೊಂದಿದರೆ ಯಾರಾದರೂ ಅಂಕಿ ತಿದ್ದಿದ್ದಾರೆ ಅಂತಲೇ ಅರ್ಥ.

ಸಮುದ್ರ_ಸುಂಕ:
ರೇಡಿಯಂ ಬಳಸುವವರಿಗೆ ಒಂದು ಎಚ್ಚರಿಕೆ. ಮ್ಯಾಂಗನೀಸ್ ಲೇಪಿಸಿದ ಅಕ್ರಿಲಿಕ್ ನಾರಿನ ಮೂಲಕ 60–100 ಲೀಟರ್ ಕಡಲ ನೀರನ್ನು ನಿಮಿಷಕ್ಕೆ ಒಂದು ಲೀಟರಿಗಿಂತ ನಿಧಾನವಾಗಿ ಹಾಯಿಸಿ ರೇಡಿಯಂ ಹಿಡಿಯುತ್ತಾರೆ. ರೇಡಿಯಂ-224ರ ಅರ್ಧಾಯುಷ್ಯ 3.66 ದಿನ, ರೇಡಿಯಂ-223ರದು 11.4 ದಿನ. ನಾರನ್ನು ಮೊದಲು ಸಿಹಿನೀರಿನಲ್ಲಿ ತೊಳೆದು, ಹಿಂಡಿ, ಹದವಾಗಿ ತೇವ ಉಳಿಸಿ ಎಣಿಕೆ ಯಂತ್ರಕ್ಕೆ ಹಾಕಬೇಕು. ತೀರಾ ಒಣಗಿದರೂ ಸೋರುವಷ್ಟು ಒದ್ದೆಯಿದ್ದರೂ ಎಣಿಕೆ ಕಡಿಮೆ ಬರುತ್ತದೆ. ನಾರು ಮೂರು ದಿನದೊಳಗೆ ಯಂತ್ರಕ್ಕೆ ಹೋಗದಿದ್ದರೆ 224ರ ಆಸೆ ಬಿಡಿ. ಅಲಾಸ್ಕಾದ ಮೂಲೆಯಿಂದ ವಿಮಾನದಲ್ಲಿ ಕಳಿಸುವಾಗ ಹವಾಮಾನ ಕೈಕೊಟ್ಟರೆ ಮುಗಿಯಿತು. ಮೂರ್ನಾಲ್ಕು ವಾರದ ಮೇಲೆ ಇನ್ನೊಮ್ಮೆ ಎಣಿಸಿ, ಥೋರಿಯಂನಿಂದ ಮತ್ತೆ ಹುಟ್ಟಿದ 224ನ್ನು ಮೊದಲ ಎಣಿಕೆಯಿಂದ ಕಳೆಯಬೇಕು.

ಎಚ್ಚರಿಕೆ ಇಲ್ಲಿದೆ. ಹಿಮನದಿಯ ಹೊಳೆ ಹಾಲು ಬೆರೆಸಿದಂತೆ ಬೆಳ್ಳಗೆ ಬರುವುದು ಕಲ್ಲಿನ ಹಿಟ್ಟಿನಿಂದ. ಆ ಹಿಟ್ಟಿನ ಕಣಗಳಿಗೆ ಅಂಟಿಕೊಂಡ ರೇಡಿಯಂ ಸಿಹಿನೀರಿನಲ್ಲಿ ಬಿಡುವುದಿಲ್ಲ, ಉಪ್ಪುನೀರು ಮುಟ್ಟಿದ ಕೂಡಲೇ ಬಿಟ್ಟುಬಿಡುತ್ತದೆ. ಅಳಿವೆಯಲ್ಲಿ ರೇಡಿಯಂ ಹೆಚ್ಚಾದದ್ದನ್ನು ನೋಡಿ ‘ಅಂತರ್ಜಲ ಸಿಕ್ಕಿತು’ ಅಂದರೆ ಅದು ಹೊಳೆಯ ಕೆಸರಿನ ಕೆಲಸವಾಗಿರಬಹುದು. ಕಡಲ ನೀರನ್ನು ಎರಡು ಸಲ ನಾರಿನಲ್ಲಿ ಹಾಯಿಸಿ ರೇಡಿಯಂ ತೆಗೆದು, ಅದರಲ್ಲಿ ಹೊಳೆಯ ಕೆಸರನ್ನು ತೂಕ ಮಾಡಿ ಹಾಕಿ, ಕೆಲವು ಗಂಟೆ ಕಲಕಿ, ಒಂದು ಗ್ರಾಂ ಎಷ್ಟು ಬಿಡುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಅದನ್ನು ಹೊಳೆ ತರುವ ಕೆಸರಿನಿಂದ ಗುಣಿಸಿ ಒಟ್ಟಿನಿಂದ ಕಳೆಯಿರಿ. ಜುಲೈ-ಆಗಸ್ಟಿನಲ್ಲಿ, ಕರಗುವಿಕೆ ಜೋರಿದ್ದಾಗ, ಕಳೆದ ಮೇಲೆ ಏನೂ ಉಳಿಯದಿರುವುದೂ ಉಂಟು. ಹೊಳೆ ಬತ್ತಿರುವ ಚಳಿಗಾಲದ ಕೊನೆಯೇ ಇದಕ್ಕೆ ಒಳ್ಳೆಯ ಕಾಲ, ಆದರೆ ಆಗ ಪಂಪಿನ ಪೈಪು ಹೆಪ್ಪುಗಟ್ಟುತ್ತದೆ! ನಾರಿನ ಮುಂದೆ ಲೇಪವಿಲ್ಲದ ಸಾದಾ ಅಕ್ರಿಲಿಕ್ ನಾರಿನ ಸೋಸುಗವನ್ನೂ ಇಡಿ, ಇಲ್ಲದಿದ್ದರೆ ಹತ್ತು ಲೀಟರಿಗೇ ಕಟ್ಟಿಕೊಳ್ಳುತ್ತದೆ.

ಕರಾವಳಿ_ಕಿರಣ:
ಡ್ರೋನಿಗೆ ಶಾಖದ ಕ್ಯಾಮೆರಾ ಕಟ್ಟಿದರೆ ಇಷ್ಟೆಲ್ಲ ಪಾಡು ಬೇಡವಲ್ಲ?

ಸಮುದ್ರ_ಸುಂಕ:
ಎಲ್ಲಿದೆ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ಅದು ನೋಡುವುದು ನೀರಿನ ಮೇಲ್ಮೈಯ ಕೂದಲೆಳೆಯಷ್ಟು ಪದರವನ್ನು. ಸಿಹಿನೀರು ಹಗುರವಾಗಿ ತೇಲುವುದರಿಂದ ಕಾಣುತ್ತದೆ ನಿಜ. ಆದರೆ ಇಲ್ಲಿ ಹಿಮನದಿಯ ಹೊಳೆಯೂ ತಣ್ಣಗೆ, ಅಂತರ್ಜಲವೂ ತಣ್ಣಗೆ. ಪಕ್ಕದಲ್ಲೇ ಸಾದಾ ಬಣ್ಣದ ಚಿತ್ರವನ್ನೂ ತೆಗೆಯಿರಿ: ತಣ್ಣಗಿದ್ದು ಬೆಳ್ಳಗಿದ್ದರೆ ಹೊಳೆ, ತಣ್ಣಗಿದ್ದು ತಿಳಿಯಾಗಿದ್ದರೆ ಒರತೆ. ಇಳಿತದ ಕೊನೆಯ ಒಂದು ಗಂಟೆ, ಮೋಡ ಕವಿದ ದಿನ. ರಾತ್ರಿ ಹಾರಿಸೋಣ ಅಂದರೆ ಜೂನಿನಲ್ಲಿ ಅಲ್ಲಿ ಕತ್ತಲೆಯೇ ಆಗುವುದಿಲ್ಲ.

ಒರತೆ:
ಹಿಮನದಿ ಹಿಂದೆ ಸರಿಯುತ್ತಿದೆ. ಕರಗುವುದು ಹೆಚ್ಚಾದ ಮೇಲೆ ನೆಲದಡಿಯ ಹರಿವೂ ಹೆಚ್ಚಬೇಕಲ್ಲವೇ?

ಬಸಾಲ್ಟ್‌ಭಟ್ಟ:
ಹಾಗನ್ನಿಸುತ್ತದೆ, ಸ್ಕೇದರಾರ್‌ಸಾಂಡುರ್‌ನಲ್ಲಿ ಆದದ್ದು ಉಲ್ಟಾ. 1980ರ ದಶಕದ ಮತ್ತು 2012ರ ನಡುವಿನ ವೈಮಾನಿಕ ಚಿತ್ರಗಳನ್ನು ಹೋಲಿಸಿದಾಗ ಬಯಲಿನ ಒರತೆಗಳ ಹರಹು ಕುಗ್ಗಿತ್ತು.

ಕಾರಣ ಹೀಗೆ. ಹಿಮನದಿ ಬಯಲಿನ ತಲೆಯ ಮೇಲೆ ಕೂತಿದ್ದಾಗ ಕರಗಿದ ನೀರು ಎತ್ತರದಿಂದ ಜಲ್ಲಿಗೆ ಇಳಿಯುತ್ತಿತ್ತು. ಅದು ಹಿಂದೆ ಸರಿದಾಗ ತಾನು ಕೊರೆದ ತಗ್ಗು ತೆರೆದುಕೊಂಡು ಅಲ್ಲಿ ಕೆರೆಗಳು ನಿಂತವು. ಆ ಕೆರೆಯ ಮಟ್ಟ ಬಯಲಿನ ತಲೆಗಿಂತ ಕೆಳಗೆ. ಈಗ ಬಯಲಿನ ಮೇಲ್ತುದಿಯ ಅಂತರ್ಜಲ ಕಡಲ ಕಡೆಗೆ ಹರಿಯುವ ಬದಲು ಹಿಂದಿನ ಕೆರೆಗೇ ಸೋರುತ್ತದೆ. ಚದುರಿ ಹರಿಯುತ್ತಿದ್ದ ಹೊಳೆಗಳೂ ಒಂದೇ ದಾರಿ ಹಿಡಿದವು. 2009ರಲ್ಲಿ ಸ್ಕೇದರಾ ನದಿ ತನ್ನ ಪಾತ್ರ ಬಿಟ್ಟು ಪಶ್ಚಿಮಕ್ಕೆ ಸರಿದು ಗೀಗ್ಯುಕ್ವಿಸ್ಲ್ ನದಿ ಸೇರಿತು. 1974ರಲ್ಲಿ ಕಟ್ಟಿದ ಅದರ ಉದ್ದನೆಯ ಸೇತುವೆಯ ಕೆಳಗೆ ಆಮೇಲೆ ಉಳಿದದ್ದು ಹೆಚ್ಚುಕಡಿಮೆ ಬರೀ ಜಲ್ಲಿ. ಬಯಲಿನ ಮೇಲೆಲ್ಲ ಹೊಳೆ ಹರಡಿದ್ದರೆ ನೀರು ಇಂಗುವುದು ಹೆಚ್ಚು, ಒಂದೇ ಆಳದ ಕಾಲುವೆಯಲ್ಲಿ ಓಡಿದರೆ ಕಡಿಮೆ.

ಇನ್ನೊಂದು ಕಡೆ ಹಿಮದ ಭಾರ ಇಳಿದು ನೆಲವೇ ಏಳುತ್ತಿದೆ. ಪೂರ್ವದ ಹೊಫ್ನ್ ಊರಿನಲ್ಲಿ ವರ್ಷಕ್ಕೆ ಒಂದು ಸೆಂ.ಮೀ.ಗೂ ಹೆಚ್ಚು. ಕಡಲ ಮಟ್ಟ ಏರಿ ಉಪ್ಪು ಒಳನುಗ್ಗುತ್ತದೆ ಅನ್ನುವ ಸಾಮಾನ್ಯ ಮಾತನ್ನು ಅಲ್ಲಿ ಹಾಗೇ ಅನ್ವಯಿಸುವಂತಿಲ್ಲ, ಅಲ್ಲಿ ನೆಲವೇ ಕಡಲಿಗಿಂತ ಬೇಗ ಮೇಲೇಳುತ್ತಿದೆ.

ಹುಬ್ಬಳ್ಳಿ_ಜಲ:
ಹಳೆಯ ಹಿಮದ ನೀರೂ ಕಡಲಡಿ ಉಳಿದಿದೆ ಅನ್ನುವುದನ್ನು ಸೇರಿಸಬಹುದು. ಅಮೆರಿಕದ ನ್ಯಾಂಟಕೆಟ್ ದ್ವೀಪದ ಆಚೆ ಕಡಲತಳದಡಿ ಸಿಹಿನೀರು ಇರುವುದು 1970ರ ದಶಕದ ಕೊರೆತದಲ್ಲೇ ಗೊತ್ತಾಗಿತ್ತು, 2025ರಲ್ಲಿ ಅಲ್ಲಿ ಮತ್ತೆ ಕೊರೆದು ನೀರು ತೆಗೆದರು. ಹಿಮಯುಗದಲ್ಲಿ ಕಡಲು ಸುಮಾರು 120 ಮೀಟರ್ ಕೆಳಗಿತ್ತು, ಮೇಲೆ ಕೂತ ಹಿಮದ ಒತ್ತಡವೂ ನೀರನ್ನು ಒಳಗೆ ತಳ್ಳಿರಬಹುದು. ಅದು ಇಂದಿನ ಇಳಿಜಾರಿನಿಂದ ಹರಿಯುತ್ತಿರುವ ನೀರಲ್ಲ. ಡಾರ್ಸಿ ಲೆಕ್ಕಕ್ಕೆ ಅದನ್ನು ಸೇರಿಸಬಾರದು.

ಕರಾವಳಿ_ಕಿರಣ:
ನಮ್ಮ ಉಡುಪಿ-ಕಾರವಾರದ ಕಡೆ ಈ ಲೆಕ್ಕ ನಡೆಯುತ್ತದೆಯೇ?

ರೇಡಾನ್‌ರಾಯ:
ಹಿಮ ಇಲ್ಲ, ಮಿಕ್ಕಿದ್ದೆಲ್ಲ ನಡೆಯುತ್ತದೆ. ಗುಣಕ ಬದಲಿಸಿ: 28 ಡಿಗ್ರಿಗೆ 0.20. ಇಲ್ಲಿಯದು ಮಳೆಗಾಲದ ಆಟ, ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಒರತೆ ಜೋರಿದ್ದು ಏಪ್ರಿಲ್‌ಗೆ ಕ್ಷೀಣಿಸುತ್ತದೆ. ಕೇರಳದ ವರ್ಕಲದಲ್ಲಿ ಇಂಥ ಅಧ್ಯಯನ ಆಗಿದೆ. ಹಿಮದ ಕಡೆಯೇ ಬೇಕೆಂದರೆ ನಾರ್ವೆಯ ಉತ್ತರಕ್ಕಿರುವ ದ್ವೀಪಗಳಾದ ಸ್ವಾಲ್‌ಬಾರ್ಡ್‌ನಲ್ಲಿ ಭಾರತದ ಹಿಮಾದ್ರಿ ಕೇಂದ್ರ 2008ರಿಂದ ಇದೆ, ಎದುರಿಗೇ ಹಿಮನದಿಗಳು ಸುರಿಯುವ ಕೊಲ್ಲಿ ಕೊಂಗ್ಸ್‌ಫ್ಯೋರ್ಡ್. ಆದರೆ ಅಲ್ಲಿ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುವುದರಿಂದ ನೀರು ಆ ಪದರದಡಿಯಲ್ಲೇ ದಾರಿ ಹುಡುಕಬೇಕು, ಬಿರುಕು ಸಿಕ್ಕಲ್ಲಿ ಮಾತ್ರ ಹೊರಬರುತ್ತದೆ. ಬಯಲಿನ ಸೂತ್ರ ಅಲ್ಲಿ ನಡೆಯದು.

ಸಮುದ್ರ_ಸುಂಕ:
ನೀರಿನ ಜೊತೆ ಏನು ಹೋಗುತ್ತದೆ ಅನ್ನುವುದಕ್ಕೆ ಒಂದೇ ಮಾತು: ಬಾವಿಯ ಕಬ್ಬಿಣವನ್ನೋ ರಂಜಕವನ್ನೋ ಹರಿವಿನಿಂದ ಗುಣಿಸಿ ‘ಕಡಲಿಗೆ ಇಷ್ಟು ಸೇರಿತು’ ಅನ್ನಬೇಡಿ. ಆಮ್ಲಜನಕವಿಲ್ಲದ ಅಂತರ್ಜಲ ಕಡಲ ನೀರನ್ನು ಸಂಧಿಸುವ ಜಾಗದಲ್ಲಿ ಕಬ್ಬಿಣ ತುಕ್ಕಾಗಿ ಮರಳಿಗೇ ಅಂಟುತ್ತದೆ, ರಂಜಕವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ದಡದಲ್ಲಿ ಅರ್ಧ ಮೀಟರ್ ಅಗೆದರೆ ಕಿತ್ತಳೆ ಬಣ್ಣದ ಪಟ್ಟೆ ಕಣ್ಣಿಗೇ ಕಾಣುತ್ತದೆ. ಮಾದರಿಯನ್ನು ಆ ಪಟ್ಟೆಯ ಕಡಲ ಬದಿಯಿಂದ ತೆಗೆಯಿರಿ, ಅಲ್ಲೇ ಸೋಸಿ ಆಮ್ಲ ಹಾಕಿ. ಹತ್ತು ನಿಮಿಷ ತಡವಾದರೂ ಸೀಸೆಯಲ್ಲೇ ತುಕ್ಕು ಕೂರುತ್ತದೆ.

ರೇಡಾನ್‌ರಾಯ:
ಮೇಲೆ ನಾನು ಹಾಕಿದ ಲೆಕ್ಕಕ್ಕೆ ನಾನೇ ತಿದ್ದುಪಡಿ ಹಾಕಬೇಕು. ಕೊಲ್ಲಿಗೆ ಬಂದು ಬೀಳುವ ತೊರೆಗಳ ರೇಡಾನನ್ನು ಕಳೆಯುವುದು ಬಿಟ್ಟುಹೋಗಿದೆ. ಹಿಮನದಿಯ ಹೊಳೆ ಉಕ್ಕಿ ಹರಿಯುತ್ತಾ ರೇಡಾನನ್ನು ಗಾಳಿಗೆ ಕಳೆದುಕೊಂಡಿರುತ್ತದೆ, ಅದರ ಚಿಂತೆ ಕಡಿಮೆ. ಆದರೆ ಬಯಲಿನ ಕೆಳತುದಿಯಲ್ಲಿ ಒರತೆಯಿಂದಲೇ ಹುಟ್ಟುವ ತಿಳಿನೀರಿನ ತೊರೆಗಳಿರುತ್ತವೆ. ಐಸ್‌ಲ್ಯಾಂಡಿನವರು ಹಿಮನದಿಯ ಹೊಳೆಗೆ ‘ಯೋಕುಲಾ’, ಒರತೆಯ ತೊರೆಗೆ ‘ಲಿಂದಾ’ ಅಂತ ಬೇರೆ ಬೇರೆ ಹೆಸರಿಟ್ಟಿರುವುದೇ ಇದಕ್ಕೆ. ಅಂಥ ಒಂದು ತೊರೆ ಸೆಕೆಂಡಿಗೆ ಅರ್ಧ ಘನ ಮೀಟರ್ ಹರಿದು, ಅದರಲ್ಲಿ ಘನ ಮೀಟರಿಗೆ 1,500 ಬೆಕೆರೆಲ್ ಇದ್ದರೆ, ಒಂದು ಚದರ ಕಿ.ಮೀ. ಕೊಲ್ಲಿಗೆ ಹಂಚಿದಾಗ ಚದರ ಮೀಟರಿಗೆ ದಿನಕ್ಕೆ 65. ಆಗ 144 ಅಲ್ಲ, 79. ಹರಿವು 2.9 ಅಲ್ಲ, 1.6 ಸೆಂ.ಮೀ.

ಅಳಿವೆ:
ಆ ತೊರೆಯ ನೀರೂ ಅಂತರ್ಜಲವೇ ಅಲ್ವಾ ರಾಯರೇ? ದಡಕ್ಕೆ ಇನ್ನೂರು ಮೀಟರ್ ಮುಂಚೆ ತಲೆ ಎತ್ತಿತು, ಅಷ್ಟೇ.

ರೇಡಾನ್‌ರಾಯ:
ಹೌದು. ನೆಲದ ಮೇಲೆ ಬಂದದ್ದರಿಂದ ನದಿಯ ಖಾತೆಗೆ ಹೋಯಿತು. ಉಬ್ಬರ ಏರಿ ಆ ಇನ್ನೂರು ಮೀಟರ್ ಮುಳುಗಿದ ಆರು ಗಂಟೆ ಮತ್ತೆ ನಮ್ಮ ಖಾತೆಗೆ. ಹಾಗಾಗಿ ತೊರೆಯನ್ನು ಇಳಿತದಲ್ಲಿ ಒಮ್ಮೆ, ಉಬ್ಬರದಲ್ಲಿ ಇನ್ನೊಮ್ಮೆ, ಎರಡೂ ಸಲ ಅಳೆಯಿರಿ.